ಪಂಪು ಎಲ್ಲಿಗೆ ಓಡುತ್ತದೆ?

ಹೀಗೊಂದು ಪ್ರಸಂಗವನ್ನು ಊಹಿಸಿಕೊಳ್ಳಿ. ಬಯಲುಸೀಮೆಯ ಒಂದು ಹಳ್ಳಿ. ರೈತರೊಬ್ಬರು ತಮ್ಮ ತೆರೆದ ಬಾವಿಗೆ ಹೊಸ ಪಂಪ್‌ಸೆಟ್ ತಂದಿದ್ದಾರೆ. ಪೆಟ್ಟಿಗೆಯೊಳಗೆ ಪಂಪಿನ ಜೊತೆ ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಪುಟದ ಸೂಚನೆಗಳೂ ಇವೆ. ಮನೆಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ಹತ್ತನೇ ತರಗತಿಯ ಮಗ ಒಬ್ಬನೇ. ‘ಏನ್ ಬರ್ದವ್ರೆ ನೋಡ್ಲಾ’ ಎಂದು ಅಪ್ಪ ಕಾಗದ ಕೊಡುತ್ತಾರೆ. ಹುಡುಗ ಬೆರಳಿಟ್ಟು ಓದುತ್ತಾನೆ. ಒಂದು ಸಾಲು ದಪ್ಪ ಅಕ್ಷರದಲ್ಲಿದೆ: ‘ಡು ನಾಟ್ ರನ್ ದ ಪಂಪ್ ಡ್ರೈ’. ಒಂದೊಂದು ಪದವೂ ಅವನಿಗೆ ಗೊತ್ತು. ‘ರನ್’ ಎಂದರೆ ಓಡು. ‘ಡ್ರೈ’ ಎಂದರೆ ಒಣ. ಪಂಪ್ ಎಂದರೆ ಪಂಪೇ. ಆದರೆ ಈ ಪಂಪು ಎಲ್ಲಿಗೆ ಓಡುತ್ತದೆ? ಅಪ್ಪನ ಮುಂದೆ ಗೊತ್ತಿಲ್ಲ ಎನ್ನಲು ಮನಸ್ಸಾಗದೆ, ‘ಪಂಪು ಒಣಗಿರ್ಬೇಕಂತೆ ಕಣಪ್ಪ, ನೆನೀಬಾರ್ದಂತೆ’ ಎಂದುಬಿಡುತ್ತಾನೆ.

ಅಪ್ಪ ಆ ಮಾತನ್ನು ನಂಬಿ ಪಂಪಿಗೆ ತಗಡಿನ ಮಾಡು ಹಾಕಿಸುತ್ತಾರೆ. ಒಂದು ಹನಿ ಮಳೆ ಬೀಳದಂತೆ ಕಾಯುತ್ತಾರೆ. ಬೇಸಿಗೆ ಬರುತ್ತದೆ. ಬಾವಿಯ ನೀರು ಫುಟ್‌ವಾಲ್ವಿಗಿಂತ ಕೆಳಕ್ಕೆ ಇಳಿಯುತ್ತದೆ. ರಾತ್ರಿ ಕರೆಂಟು ಬಂದಾಗ ಸ್ವಿಚ್ ಹಾಕಿ ಮಲಗಿದವರು ಬೆಳಿಗ್ಗೆ ಹೋಗಿ ನೋಡಿದರೆ ತೋಟಕ್ಕೆ ನೀರಿಲ್ಲ, ಪಂಪು ಕೆಂಡದಂತೆ ಕಾದಿದೆ, ಸೀಲು ಸುಟ್ಟುಹೋಗಿದೆ. ಪೇಟೆಯಿಂದ ಬಂದ ಮೆಕ್ಯಾನಿಕ್ ಬಿಚ್ಚಿ ನೋಡಿ ಒಂದೇ ಮಾತಿನಲ್ಲಿ ಹೇಳುತ್ತಾನೆ: ‘ಡ್ರೈ ರನ್ ಆಗೈತೆ ಯಜಮಾನ್ರೆ’. ಹುಡುಗ ಅಲ್ಲೇ ನಿಂತಿದ್ದಾನೆ. ಏಳನೇ ತರಗತಿಗೇ ಶಾಲೆ ಬಿಟ್ಟ ಮೆಕ್ಯಾನಿಕ್ಕಿಗೆ ಗೊತ್ತಿದ್ದ ಎರಡು ಪದ ತನಗೆ ಗೊತ್ತಾಗಲಿಲ್ಲವಲ್ಲ ಎಂದು ಅವನು ತಲೆ ತಗ್ಗಿಸುತ್ತಾನೆ.

ಪ್ರಸಂಗ ಕಲ್ಪಿತವೇ ಆದರೂ ಇಂಥದು ಯಾವ ಊರಿನಲ್ಲಾದರೂ ನಡೆಯಬಹುದು. ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಅವನ ನೋಟ್‌ಬುಕ್ಕಿನಲ್ಲಿ ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ, ನಡುವೆ ಅಡಿಕೋಲಿನಿಂದ ಎಳೆದ ನೇರವಾದ ಗೆರೆ. ‘ರನ್’ ಎದುರು ‘ಓಡು’ ಎಂದು ಬರೆದು ಬಾಯಿಪಾಠ ಮಾಡಿದ್ದಾನೆ. ಒಂದು ಪದಕ್ಕೆ ಒಂದು ಅರ್ಥ ಎಂಬ ಲೆಕ್ಕವೇ ಅವನ ಕೈ ಕೊಟ್ಟದ್ದು.

ಆ ಸಾಲಿನ ನಿಜವಾದ ಅರ್ಥ ‘ನೀರಿಲ್ಲದೆ ಪಂಪು ಓಡಿಸಬೇಡಿ’ ಎಂದು. ಪಂಪಿನೊಳಗಿನ ನೀರು ಹೊರಗೆ ಹೋಗುವ ಸರಕು ಮಾತ್ರವಲ್ಲ, ಪಂಪನ್ನು ತಣ್ಣಗಿಡುವುದೂ ಅದೇ, ಉಜ್ಜುವ ಭಾಗಗಳ ನಡುವೆ ಎಣ್ಣೆಯಂತೆ ಕೆಲಸ ಮಾಡುವುದೂ ಅದೇ. ನೀರು ತಪ್ಪಿದರೆ ಘರ್ಷಣೆಯ ಶಾಖ ಹೋಗಲು ದಾರಿಯಿಲ್ಲದೆ ಸೀಲು ಸುಡುತ್ತದೆ. ಸೂಚನೆಯ ಎಲ್ಲ ಸಾಲುಗಳಲ್ಲಿ ತಪ್ಪಾಗಿ ಓದಬಾರದಾಗಿದ್ದ ಸಾಲು ಅದೊಂದೇ.

ನಿಘಂಟಿನ ದೊಡ್ಡ ಪದ

ಈ ‘ರನ್’ ಎಂಬ ಮೂರಕ್ಷರದ ಇಂಗ್ಲಿಷ್ ಪದ ಹುಡುಗನನ್ನು ಮಾತ್ರ ಕಾಡಿದ್ದಲ್ಲ. ದೊಡ್ಡ ದೊಡ್ಡ ಪಂಡಿತರನ್ನೂ ಬೆವರಿಳಿಸಿದೆ. ಡಾಕ್ಟರ್ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ಪ್ರಸಿದ್ಧ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಅದರಲ್ಲಿ ‘ಟೇಕ್’ ಎಂಬ ಒಂದೇ ಕ್ರಿಯಾಪದಕ್ಕೆ 134 ಅರ್ಥಗಳನ್ನು ಕೊಡಬೇಕಾಯಿತು. ತಮಗೆ ಹೆಚ್ಚು ಶ್ರಮ ಕೊಟ್ಟ ಪದಗಳು ಯಾವುವೆಂದು ಅವರು ಮುನ್ನುಡಿಯಲ್ಲಿ ಹೆಸರಿಸಿದ್ದಾರೆ. ಓದುಗರು ನಿರೀಕ್ಷಿಸುವಂತೆ ಅವು ಲ್ಯಾಟಿನ್ನಿನಿಂದ ಬಂದ ಉದ್ದುದ್ದ ಪದಗಳಲ್ಲ. ಕಮ್, ಗೋ, ಗೆಟ್, ಗಿವ್, ಪುಟ್, ಸೆಟ್, ಮೇಕ್, ಟರ್ನ್ ಎಂಬ ಪುಟ್ಟ ಪುಟ್ಟ ಕ್ರಿಯಾಪದಗಳು. ಆ ಪಟ್ಟಿಯಲ್ಲಿ ‘ರನ್’ ಕೂಡ ಇದೆ.

ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಕಾಲ ಬಂತು. ಲಂಡನ್ನಿನ ಭಾಷಾಶಾಸ್ತ್ರ ಸಂಘದಲ್ಲಿ 1857ರಲ್ಲಿ ಹುಟ್ಟಿದ ಆಲೋಚನೆ ಅದು. 1879ರಲ್ಲಿ ಜೇಮ್ಸ್ ಮರ್ರೆ ಸಂಪಾದಕರಾದರು. 1884ರಲ್ಲಿ ಮೊದಲ ಸಂಚಿಕೆ ಹೊರಬಂತು. ಕೆಲಸ ಮುಗಿದದ್ದು 1928ರಲ್ಲಿ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು. ಈ ನಿಘಂಟಿನ ಕ್ರಮ ಗಮನಿಸುವಂಥದು. ಸಾವಿರಾರು ಮಂದಿ ಸ್ವಯಂಸೇವಕರು ಪುಸ್ತಕಗಳನ್ನು ಓದುತ್ತ, ಒಂದೊಂದು ಪದ ಬಂದ ವಾಕ್ಯವನ್ನು ಚೀಟಿಯಲ್ಲಿ ಬರೆದು ಕಳಿಸುತ್ತಿದ್ದರು. ಸಂಪಾದಕರು ಆ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಒಂದೇ ಬಗೆಯ ಪ್ರಯೋಗಗಳನ್ನು ಒಂದು ಗುಡ್ಡೆ ಮಾಡಿ, ಆಮೇಲೆ ಆ ಗುಡ್ಡೆಗೆ ಅರ್ಥ ಬರೆಯುತ್ತಿದ್ದರು. ಅಂದರೆ ಅರ್ಥದಿಂದ ವಾಕ್ಯಕ್ಕೆ ಹೋದವರಲ್ಲ, ವಾಕ್ಯಗಳಿಂದ ಅರ್ಥಕ್ಕೆ ಬಂದವರು. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

1989ರಲ್ಲಿ ಈ ನಿಘಂಟಿನ ಎರಡನೆಯ ಆವೃತ್ತಿ 20 ಸಂಪುಟಗಳಲ್ಲಿ ಬಂದಾಗ ಅತಿ ಉದ್ದದ ವಿವರಣೆ ‘ಸೆಟ್’ ಎಂಬ ಪದದ್ದು. ಕ್ರಿಯಾಪದವಾಗಿ ಅದಕ್ಕೆ ಸುಮಾರು 430 ಅರ್ಥಗಳು, ವಿವರಣೆಗೆ ಸುಮಾರು 60,000 ಪದಗಳು. ಮೂರನೆಯ ಆವೃತ್ತಿಗಾಗಿ ಪರಿಷ್ಕರಣೆ ನಡೆಯುತ್ತ 2000ದಲ್ಲಿ ‘ಮೇಕ್’ ಅದನ್ನು ಹಿಂದೆ ಹಾಕಿತು, 2007ರಲ್ಲಿ ‘ಪುಟ್’ ಮುಂದೆ ಬಂತು. 2011ರಲ್ಲಿ ‘ರನ್’ ಈ ಎಲ್ಲವನ್ನೂ ದಾಟಿತು. ಕ್ರಿಯಾಪದವಾಗಿ ಅದರ ಅರ್ಥಗಳ ಸಂಖ್ಯೆ 645! ಇವನ್ನು ವಿಂಗಡಿಸಲು ಸಂಪಾದಕ ಪೀಟರ್ ಗಿಲಿವರ್ ಒಂಬತ್ತು ತಿಂಗಳು ದುಡಿದರು.

645 ಅರ್ಥ! ನಮ್ಮ ಹುಡುಗ ದಿನಕ್ಕೊಂದರಂತೆ ಬಾಯಿಪಾಠ ಮಾಡಿದರೂ ಎರಡು ವರ್ಷಕ್ಕೆ ಸ್ವಲ್ಪ ಕಡಿಮೆ ಹಿಡಿಯುತ್ತದೆ. ಹಾಗಾದರೆ ಇಂಗ್ಲಿಷ್ ಮಕ್ಕಳು ಇದನ್ನು ಕಲಿಯುವುದು ಹೇಗೆ? ಅವರು ಬಾಯಿಪಾಠ ಮಾಡುವುದಿಲ್ಲ. 645 ಎಂಬುದು ಕೊಂಬೆಗಳ ಲೆಕ್ಕ. ಬುಡ ಒಂದೆರಡೇ.

ಮೊದಲು ಹರಿದದ್ದು ನೀರು

ಹಳೆಯ ಇಂಗ್ಲಿಷಿನಲ್ಲಿ ‘ರಿನ್ನನ್’ ಎಂಬ ರೂಪವಿತ್ತು. ಅದಕ್ಕೆ ಓಡು ಎಂಬ ಅರ್ಥವೂ ಇತ್ತು, ಹರಿ ಎಂಬ ಅರ್ಥವೂ ಇತ್ತು. ಅದರ ದಾಯಾದಿ ಪದ ಜರ್ಮನ್ ಭಾಷೆಯಲ್ಲಿ ಇಂದಿಗೂ ಇದೆ. ಅಲ್ಲಿ ‘ರಿನ್ನೆನ್’ ಎಂದರೆ ನೀರು ಹರಿಯುವುದು, ತೊಟ್ಟಿಕ್ಕುವುದು. ‘ರಿನ್ನೆ’ ಎಂದರೆ ನೀರು ಹೋಗುವ ಕಾಲುವೆ. ‘ಗೆರಿನ್ನೆನ್’ ಎಂದರೆ ಹಾಲೋ ರಕ್ತವೋ ಹೆಪ್ಪುಗಟ್ಟುವುದು, ಅಂದರೆ ಒಂದೆಡೆಗೆ ಹರಿದು ಕೂಡಿಕೊಳ್ಳುವುದು. ಚೀಸ್ ಮಾಡುವಾಗ ಹಾಲು ಗಟ್ಟಿಯಾಗಲು ಬೆರೆಸುವ ಪದಾರ್ಥಕ್ಕೆ ಇಂಗ್ಲಿಷಿನಲ್ಲಿ ‘ರೆನೆಟ್’ ಎನ್ನುತ್ತಾರೆ. ಅದೂ ಇದೇ ಮನೆತನದ್ದೆಂದು ಪದಮೂಲ ಬಲ್ಲವರು ಹೇಳುತ್ತಾರೆ.

ಈ ಬುಡ ಹಿಡಿದು ನೋಡಿದರೆ ಎಷ್ಟೋ ಅರ್ಥಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ನದಿ ‘ರನ್’ ಆಗುತ್ತದೆ, ಹರಿಯುತ್ತದೆ. ನಲ್ಲಿ ‘ರನ್’ ಆಗುತ್ತದೆ, ನೀರು ಬರುತ್ತಿದೆ. ನೆಗಡಿಯಾದಾಗ ಮೂಗು ‘ರನ್’ ಆಗುತ್ತದೆ, ಸುರಿಯುತ್ತದೆ. ಹೊಸ ಬಟ್ಟೆ ಒಗೆದಾಗ ಬಣ್ಣ ‘ರನ್’ ಆಗುತ್ತದೆ, ಬಣ್ಣ ಬಿಡುತ್ತದೆ. ತಂತಿಯಲ್ಲಿ ಕರೆಂಟು ‘ರನ್’ ಆಗುತ್ತದೆ, ಹಾಯುತ್ತದೆ. ಒಂದು ಗುಣ ಮನೆತನದಲ್ಲಿ ‘ರನ್’ ಆಗುತ್ತದೆ, ತಲೆಮಾರಿನಿಂದ ತಲೆಮಾರಿಗೆ ಹರಿದು ಬರುತ್ತದೆ. ಮೂಗಿಗಾಗಲಿ ಬಣ್ಣಕ್ಕಾಗಲಿ ಕಾಲಿಲ್ಲ. ಆದರೆ ನೀರಿನ ಗುಣ ಇದೆ.

ಇದರಲ್ಲಿ ಕನ್ನಡಿಗರಿಗೆ ಬೆರಗಾಗುವಂಥದ್ದೇನೂ ಇಲ್ಲ. ನಮ್ಮ ‘ಹರಿ’ ಎಂಬ ಕ್ರಿಯಾಪದವನ್ನೇ ನೋಡಿ. ಹಳಗನ್ನಡದಲ್ಲಿ ಅದು ‘ಪರಿ’. ಪಾಲು ಹಾಲಾದಂತೆ, ಪೂವು ಹೂವಾದಂತೆ ಪರಿ ಹರಿಯಾಯಿತು. ಹಳಗನ್ನಡದ ಪರಿಗೆ ಹರಿಯುವುದು ಎಂಬ ಅರ್ಥದ ಜೊತೆಗೆ ಓಡುವುದು ಎಂಬ ಅರ್ಥವೂ ಇತ್ತು. ಸಾವಿರಾರು ಮೈಲಿ ದೂರದ, ಸಂಬಂಧವೇ ಇಲ್ಲದ ಎರಡು ಭಾಷೆಗಳು ನೀರಿನ ಚಲನೆಯನ್ನೂ ಕಾಲಿನ ಓಟವನ್ನೂ ಒಂದೇ ಪದದಲ್ಲಿ ಹಿಡಿದವು. ಇಂದೂ ಪತ್ರಿಕೆಗಳಲ್ಲಿ ‘ಲಾರಿ ಹರಿದು ಸಾವು’ ಎಂಬ ಸುದ್ದಿ ಓದುತ್ತೇವೆ. ಲಾರಿ ನೀರೇ? ಇಂಗ್ಲಿಷಿನವರೂ ಅದಕ್ಕೆ ‘ರನ್ ಓವರ್’ ಎನ್ನುತ್ತಾರೆ. ನಾವು ಕಾಗದದ ಮೇಲೆ ಕಣ್ಣು ಹರಿಸುತ್ತೇವೆ, ಅವರೂ ಕಣ್ಣನ್ನು ‘ರನ್’ ಮಾಡುತ್ತಾರೆ. ಇನ್ನು ನಮ್ಮಲ್ಲಿ ಹಾವು ಹರಿಯುತ್ತದೆ, ಬೆಳಕು ಹರಿಯುತ್ತದೆ, ಜಗಳ ಬಗೆಹರಿಯುತ್ತದೆ.

ಕಳೆದುಹೋದ ‘ಇಸು’

ಎರಡನೆಯ ಬುಡ ಇನ್ನೂ ಸ್ವಾರಸ್ಯದ್ದು. ಕನ್ನಡದಲ್ಲಿ ತಾನೇ ಮಾಡುವ ಕೆಲಸಕ್ಕೂ ಬೇರೆಯವರಿಂದ ಮಾಡಿಸುವ ಕೆಲಸಕ್ಕೂ ರೂಪ ಬೇರೆ. ಓಡು, ಓಡಿಸು. ಹರಿ, ಹರಿಸು. ನಡೆ, ನಡೆಸು. ಆ ‘ಇಸು’ ಎಂಬ ಪ್ರತ್ಯಯ ಎಲ್ಲವನ್ನೂ ಸ್ಪಷ್ಟ ಮಾಡುತ್ತದೆ. ‘ಅವನು ಬಸ್ ಓಡಿಸಿದ’ ಎಂದರೆ ಓಡಿದ್ದು ಯಾವುದು, ಓಡಿಸಿದ್ದು ಯಾರು ಎಂಬ ಗೊಂದಲವಿಲ್ಲ.

ಹಳೆಯ ಇಂಗ್ಲಿಷಿನಲ್ಲೂ ಇಂಥ ಜೋಡಿಗಳಿದ್ದವು. ಅವುಗಳಲ್ಲಿ ಕೆಲವು ಈಗಲೂ ಉಳಿದಿವೆ. ‘ಸಿಟ್’ ಎಂದರೆ ಕೂರು, ‘ಸೆಟ್’ ಎಂದರೆ ಮೂಲದಲ್ಲಿ ಕೂರಿಸು. ‘ಫಾಲ್’ ಎಂದರೆ ಬೀಳು, ಮರ ಕಡಿಯುವವರು ಬಳಸುವ ‘ಫೆಲ್’ ಎಂದರೆ ಬೀಳಿಸು. ‘ಲೈ’ ಎಂದರೆ ಮಲಗು, ‘ಲೇ’ ಎಂದರೆ ಮಲಗಿಸು, ಇಡು. ‘ರಿನ್ನನ್’ ಎಂಬುದಕ್ಕೂ ಓಡಿಸು ಎಂಬ ಅರ್ಥದ ಬೇರೆ ಜೋಡಿ ಪದ ಇತ್ತು. ಕಾಲಕ್ರಮದಲ್ಲಿ ಆ ಎರಡೂ ಕಲೆತು ‘ರನ್’ ಎಂಬ ಒಂದೇ ರೂಪ ಉಳಿಯಿತು. ಓಡುವವನೂ ‘ರನ್’, ಓಡಿಸುವವನೂ ‘ರನ್’.

ಹಾಗಾಗಿ ಇಂಗ್ಲಿಷ್ ವಾಕ್ಯದಲ್ಲಿ ‘ರನ್’ ಸಿಕ್ಕಿದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಇಲ್ಲಿ ಕಳೆದುಹೋದ ‘ಇಸು’ ಉಂಟೋ ಇಲ್ಲವೋ? ಪದದ ಮುಂದೆ ಇನ್ನೊಂದು ವಸ್ತುವಿನ ಹೆಸರು ನೇರವಾಗಿ ಬಂದಿದ್ದರೆ ಸಾಮಾನ್ಯವಾಗಿ ‘ಇಸು’ ಉಂಟು. ಅವನು ಅಂಗಡಿಯನ್ನು ‘ರನ್’ ಮಾಡುತ್ತಾನೆ, ನಡೆಸುತ್ತಾನೆ. ಅವಳು ಸ್ನಾನಕ್ಕೆ ನೀರು ‘ರನ್’ ಮಾಡುತ್ತಾಳೆ, ತುಂಬಿಸುತ್ತಾಳೆ. ಪತ್ರಿಕೆ ಲೇಖನವನ್ನು ‘ರನ್’ ಮಾಡುತ್ತದೆ, ಪ್ರಕಟಿಸುತ್ತದೆ. ರೈತ ಪಂಪನ್ನು ‘ರನ್’ ಮಾಡುತ್ತಾನೆ, ಓಡಿಸುತ್ತಾನೆ. ಹುಡುಗನಿಗೆ ಇದೊಂದು ಸೂತ್ರ ಗೊತ್ತಿದ್ದರೆ ಸಾಕಿತ್ತು. ಪಂಪು ಎಲ್ಲಿಗೂ ಓಡುವುದಿಲ್ಲ, ಅದನ್ನು ಓಡಿಸಲಾಗುತ್ತದೆ.

ಯಂತ್ರ, ಮೈದಾನ, ಚುನಾವಣೆ

ಇಷ್ಟು ಪುಟ್ಟ ಬುಡದಿಂದ 645 ಕೊಂಬೆ ಬೆಳೆಯಲು ಮುಖ್ಯವಾದ ಗೊಬ್ಬರ ಹಾಕಿದ್ದು ಯಂತ್ರಗಳು. ಇಂಗ್ಲೆಂಡಿನಲ್ಲಿ ಉಗಿಯಂತ್ರ ಬಂದಿತು. 1825ರಲ್ಲಿ ಸ್ಟಾಕ್‌ಟನ್–ಡಾರ್ಲಿಂಗ್ಟನ್ ರೈಲುಮಾರ್ಗ, 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗ ತೆರೆದವು. ಈ ಹೊಸ ವಸ್ತುಗಳ ಚಲನೆಗೆ ಹೊಸ ಕ್ರಿಯಾಪದ ಹುಡುಕುವ ಗೋಜಿಗೆ ಜನ ಹೋಗಲಿಲ್ಲ. ಕುದುರೆಗೆ ಬಳಸುತ್ತಿದ್ದ ಪದವನ್ನೇ ಎಂಜಿನ್ನಿಗೂ ಹಚ್ಚಿದರು. ರೈಲು ‘ರನ್’ ಆಯಿತು, ಗಿರಣಿ ‘ರನ್’ ಆಯಿತು, ಗಡಿಯಾರ ‘ರನ್’ ಆಯಿತು. ಇಪ್ಪತ್ತನೆಯ ಶತಮಾನದಲ್ಲಿ ಕಂಪ್ಯೂಟರಿನ ಪ್ರೋಗ್ರಾಂ ಕೂಡ ‘ರನ್’ ಆಗತೊಡಗಿತು. ಕನ್ನಡವೂ ಇದೇ ದಾರಿ ಹಿಡಿದಿದೆ. ರೈಲು ಓಡುತ್ತದೆ, ಸಿನಿಮಾ ನೂರು ದಿನ ಓಡುತ್ತದೆ.

ಕ್ರಿಕೆಟ್ಟಿನ ‘ರನ್’ ಹಳ್ಳಿಯ ಮಕ್ಕಳ ಬಾಯಲ್ಲೂ ಇದೆ. ಮೊದಲ ಕಾಲದಲ್ಲಿ ಅಂಕ ಬರೆಯುವವರು ಕೋಲಿನ ಮೇಲೆ ಚಾಕುವಿನಿಂದ ಗೀರು ಹಾಕಿ ಲೆಕ್ಕವಿಡುತ್ತಿದ್ದರು. ಹಾಗಾಗಿ ಅಂಕಕ್ಕೆ ಗೀರು ಎಂಬ ಅರ್ಥದ ‘ನಾಚ್’ ಎಂಬ ಹೆಸರೂ ಇತ್ತು. ಕೊನೆಗೆ ಉಳಿದದ್ದು ‘ರನ್’. ಆದರೆ ಚೆಂಡು ಬೌಂಡರಿ ದಾಟಿದರೆ ಬ್ಯಾಟುಗಾರ ಒಂದು ಹೆಜ್ಜೆ ಓಡದಿದ್ದರೂ ನಾಲ್ಕು ‘ರನ್’! ಪದ ತನ್ನ ಹುಟ್ಟಿದ ಮನೆಯನ್ನು ಮರೆಯುವುದು ಹೀಗೆ.

ಚುನಾವಣೆಯ ಮಾತು ಕೇಳಿ. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ಅಭ್ಯರ್ಥಿ ‘ರನ್’ ಮಾಡುತ್ತಾನೆ. ಬ್ರಿಟನ್ನಿನಲ್ಲಿ ಪಾರ್ಲಿಮೆಂಟಿಗೆ ಅಭ್ಯರ್ಥಿ ‘ಸ್ಟ್ಯಾಂಡ್’ ಮಾಡುತ್ತಾನೆ. ಒಂದೇ ಭಾಷೆಯವರು, ಒಬ್ಬರು ಓಡುತ್ತಾರೆ, ಇನ್ನೊಬ್ಬರು ನಿಲ್ಲುತ್ತಾರೆ. ಕರ್ನಾಟಕದಲ್ಲಿ ಅಭ್ಯರ್ಥಿಗಳು ಚುನಾವಣೆಗೆ ನಿಲ್ಲುವವರೇ. ಗೆದ್ದ ಮೇಲೆ ಓಡುತ್ತಾರೆಂದು ಮತದಾರರು ದೂರುವುದುಂಟು, ಅದು ಬೇರೆ ವಿಷಯ.

ತಪ್ಪು ತಿಳಿದರೆ ಇತಿಹಾಸವೇ ಬದಲಾದೀತು. ಅಮೆರಿಕದ ಅಂತರ್ಯುದ್ಧದ ಮೊದಲ ದೊಡ್ಡ ಕದನ 1861ರ ಜುಲೈ 21ರಂದು ವರ್ಜೀನಿಯಾದಲ್ಲಿ ನಡೆಯಿತು. ಅದರ ಹೆಸರು ‘ಬುಲ್ ರನ್’ ಕದನ. ನೋಟ್‌ಬುಕ್ಕಿನ ಲೆಕ್ಕದಲ್ಲಿ ಇದು ಹೋರಿ ಓಟ, ಹೋರಿ ಬೆದರಿಸುವ ಸ್ಪರ್ಧೆ ಎಂದಾಗಬೇಕು. ಅಲ್ಲಿ ಯಾವ ಹೋರಿಯೂ ಓಡಲಿಲ್ಲ. ಆ ಭಾಗದ ಇಂಗ್ಲಿಷಿನಲ್ಲಿ ‘ರನ್’ ಎಂದರೆ ಹಳ್ಳ, ತೊರೆ. ‘ಬುಲ್ ರನ್’ ಎಂಬುದು ಒಂದು ಹಳ್ಳದ ಹೆಸರು. ಮತ್ತೆ ಹಳೆಯ ಬುಡಕ್ಕೇ, ಹರಿಯುವ ನೀರಿಗೇ ಬಂದೆವು.

ಇನ್ನು ನಮ್ಮ ಪಂಪಿನ ‘ಡ್ರೈ ರನ್’. ಕೋವಿಡ್ ಲಸಿಕೆ ಹಾಕುವ ಮೊದಲು 2021ರ ಜನವರಿ 2ರಂದು ದೇಶದ ಎಲ್ಲ ರಾಜ್ಯಗಳಲ್ಲಿ ‘ಡ್ರೈ ರನ್’ ನಡೆಯಿತು. ಅಂದರೆ ತಾಲೀಮು. ಲಸಿಕೆಯೊಂದನ್ನು ಬಿಟ್ಟು ಉಳಿದ ವ್ಯವಸ್ಥೆಯನ್ನೆಲ್ಲ ನಡೆಸಿ ನೋಡಿದರು. ಬಾವಿ ಬತ್ತಿದರೂ ಇಂಗ್ಲಿಷಿನಲ್ಲಿ ಅದು ‘ರನ್ ಡ್ರೈ’ ಆಗಿದೆ ಎನ್ನಬಹುದು. ಬಾವಿ ‘ರನ್ ಡ್ರೈ’ ಆದಾಗ ಪಂಪು ‘ಡ್ರೈ ರನ್’ ಆಗುತ್ತದೆ. ಪಂಪಿಗೆ ಅದು ಕೇಡು, ಲಸಿಕೆ ಕೇಂದ್ರಕ್ಕೆ ಅದೇ ಒಳ್ಳೆಯ ಸಿದ್ಧತೆ. ಎರಡು ಪದ ಅವೇ, ಸುತ್ತಲಿನ ಸನ್ನಿವೇಶ ಬೇರೆ.

ದುಡಿಯುವ ಪದ, ಕೂತ ಪದ

ಹೀಗೆ ಹಲವು ಅರ್ಥ ಹೊರುವುದು ಪುಟ್ಟ ಪದಗಳೇ ಏಕೆ? ಹಾರ್ವರ್ಡ್ ವಿಶ್ವವಿದ್ಯಾಲಯದ ಜಾರ್ಜ್ ಕಿಂಗ್ಸ್ಲಿ ಜಿಫ್ ಇದನ್ನು ಎಣಿಸಿ ನೋಡಿದರು. 1945ರಲ್ಲಿ ಅವರು ಪ್ರಕಟಿಸಿದ ತೀರ್ಮಾನ ಸರಳ: ಒಂದು ಪದ ಹೆಚ್ಚು ಬಳಕೆಯಾದಷ್ಟೂ ಅದರ ಅರ್ಥಗಳು ಹೆಚ್ಚು. ಗಣಿತದಲ್ಲಿ ಹೇಳುವುದಾದರೆ ಅರ್ಥಗಳ ಸಂಖ್ಯೆ ಸರಿಸುಮಾರು ಬಳಕೆಯ ವರ್ಗಮೂಲಕ್ಕೆ ಅನುಗುಣ. ನೂರು ಪಟ್ಟು ಹೆಚ್ಚು ಬಳಕೆಯಾಗುವ ಪದಕ್ಕೆ ಸುಮಾರು ಹತ್ತು ಪಟ್ಟು ಹೆಚ್ಚು ಅರ್ಥ. ಮನೆಯ ಅನುಭವವೂ ಇದೇ. ಹಿತ್ತಾಳೆಯ ದೊಡ್ಡ ಹಂಡೆ ಒಂದೇ ಕೆಲಸಕ್ಕೆ. ಅಡಿಗೆಮನೆಯ ಚಿಕ್ಕ ಲೋಟ ನೀರು ಕುಡಿಯಲೂ ಬೇಕು, ಅಕ್ಕಿ ಅಳೆಯಲೂ ಬೇಕು, ಚಪಾತಿ ದುಂಡಗೆ ಕತ್ತರಿಸಲೂ ಬೇಕು.

ವಿಜ್ಞಾನದ ಪರಿಭಾಷೆ ಇದಕ್ಕೆ ತದ್ವಿರುದ್ಧ. ಆಮ್ಲಜನಕ ಎಂದರೆ ಬೆಂಗಳೂರಿನಲ್ಲೂ ಬರ್ಲಿನ್ನಿನಲ್ಲೂ ಒಂದೇ. ಭೌತಶಾಸ್ತ್ರದಲ್ಲಿ ಕೆಲಸ ಎಂದರೆ ಬಲ ಮತ್ತು ಬಲದ ದಿಕ್ಕಿನಲ್ಲಾದ ಸ್ಥಾನಪಲ್ಲಟಗಳ ಗುಣಲಬ್ಧ. ತಲೆಯ ಮೇಲೆ ಮೂಟೆ ಹೊತ್ತು ನಿಂತಲ್ಲೇ ನಿಂತ ಹಮಾಲಿ ಮೂಟೆಯ ಮೇಲೆ ಏನೂ ಕೆಲಸ ಮಾಡಿಲ್ಲ ಎನ್ನುತ್ತದೆ ಭೌತಶಾಸ್ತ್ರ. ಹಮಾಲಿ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ವಿಜ್ಞಾನಕ್ಕೆ ಬೇಲಿ ಹಾಕಿದ ಪದ ಬೇಕು, ಬದುಕಿಗೆ ಬೇಲಿಯಿಲ್ಲದ ಪದ ಬೇಕು. ತೊಂದರೆ ಆಗುವುದು ಬೇಲಿಯಿಲ್ಲದ ಪದವನ್ನು ಸೂತ್ರದಂತೆ ಬಾಯಿಪಾಠ ಮಾಡಿದಾಗ. ‘ರನ್ ಸಮ ಓಡು’ ಎಂಬ ಸಮೀಕರಣ ಶಾಲೆಯ ಪರೀಕ್ಷೆಯಲ್ಲಿ ಒಂದು ಅಂಕ ತಂದೀತು, ಬಾವಿಯ ಬಳಿ ಪಂಪು ಸುಟ್ಟೀತು.

ಹುಡುಗನಿಗೆ ಗೊತ್ತಿರುವ ವಿದ್ಯೆ

ಹುಡುಗ ತಲೆ ತಗ್ಗಿಸಬೇಕಾಗಿಲ್ಲ. ಈ ವಿದ್ಯೆ ಅವನಿಗೆ ಆಗಲೇ ಚೆನ್ನಾಗಿ ಬರುತ್ತದೆ. ಕನ್ನಡ ಕಲಿಯಲು ಬಂದ ಒಬ್ಬ ಇಂಗ್ಲಿಷಿನವನು ತನ್ನ ನೋಟ್‌ಬುಕ್ಕಿನಲ್ಲಿ ‘ಹೊಡೆ’ ಎಂದರೆ ‘ಬೀಟ್’ ಎಂದು ಬರೆದುಕೊಂಡಿದ್ದಾನೆ ಎನ್ನೋಣ. ಅವನು ಈ ಹುಡುಗನ ಮನೆಗೆ ಒಂದು ದಿನ ಬರಲಿ. ಅಜ್ಜ ಜಗಲಿಯ ಮೇಲೆ ಗೊರಕೆ ಹೊಡೆಯುತ್ತಿದ್ದಾರೆ. ಅಪ್ಪ ಗಾಡಿ ಹೊಡೆದುಕೊಂಡು ಹೋಗಿ ಗದ್ದೆಗೆ ಗೊಬ್ಬರ ಹೊಡೆದು ಬಂದು, ಬೆಳೆಗೆ ಔಷಧಿ ಹೊಡೆಯಲು ಹೊರಟಿದ್ದಾರೆ. ಅಣ್ಣ ಗೋಡೆಗೆ ಸುಣ್ಣ ಹೊಡೆಯುತ್ತಿದ್ದಾನೆ. ತಮ್ಮ ಸೈಕಲ್ಲಿಗೆ ಗಾಳಿ ಹೊಡೆದು ಊರೆಲ್ಲ ಒಂದು ಸುತ್ತು ಹೊಡೆದು ಬಂದ. ಹೊರಗೆ ಬಿಸಿಲು ಹೊಡೆಯುತ್ತಿದೆ. ಪಕ್ಕದ ಮನೆಯವರು ಕಟ್ಟೆಯ ಮೇಲೆ ಹರಟೆ ಹೊಡೆಯುತ್ತಿದ್ದಾರೆ. ಆ ಇಂಗ್ಲಿಷಿನವನಿಗೆ ಈ ಮನೆಯಲ್ಲಿ ಇಷ್ಟೊಂದು ಹೊಡೆದಾಟವೇ ಎಂದು ಗಾಬರಿಯಾಗಬೇಕು!

ಹುಡುಗ ಎಂದಾದರೂ ‘ಹೊಡೆ’ ಪದದ ಅರ್ಥಗಳನ್ನು ಎಣಿಸಿದ್ದಾನೆಯೇ? ಇಲ್ಲ. ಗೊರಕೆಯ ಜೊತೆ ಬಂದಾಗ ಒಂದು, ಗಾಳಿಯ ಜೊತೆ ಬಂದಾಗ ಇನ್ನೊಂದು ಎಂದು ಅವನ ಕಿವಿಯೇ ಗುರುತಿಸುತ್ತದೆ. ಇಂಗ್ಲೆಂಡಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1919ರಿಂದ 1928ರವರೆಗೆ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದವರು. ಪದವನ್ನು ಅರಿಯಬೇಕಾದರೆ ಅದು ಯಾರ ಸಹವಾಸದಲ್ಲಿದೆ ನೋಡಬೇಕು ಎಂಬುದು 1957ರಲ್ಲಿ ಅವರು ಹೇಳಿದ ಮಾತಿನ ಸಾರ. ಸಹವಾಸ ನೋಡಿ ಮನುಷ್ಯನನ್ನು ಅಳೆಯುವ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರ್ರೆಯವರ ಚೀಟಿಗಳ ಗುಡ್ಡೆಯೂ ಇದೇ ಕೆಲಸ ಮಾಡಿದ್ದು.

ಹಾಗಾದರೆ ಮಕ್ಕಳು ಏನು ಮಾಡಬೇಕು? ನೋಟ್‌ಬುಕ್ಕಿನಲ್ಲಿ ಎಡಕ್ಕೆ ಪದ, ಬಲಕ್ಕೆ ಅರ್ಥ ಎಂಬ ಗೆರೆಯನ್ನು ಅಳಿಸಬೇಕು. ಪದದ ಬದಲು ವಾಕ್ಯ ಬರೆಯಬೇಕು. ‘ರನ್’ ಸಿಕ್ಕಿದಲ್ಲೆಲ್ಲ ಮೂರು ಪ್ರಶ್ನೆ ಕೇಳಬೇಕು. ಓಡುತ್ತಿರುವುದು ಯಾವುದು: ಕಾಲಿರುವುದೋ, ನೀರಿನಂಥದೋ, ಯಂತ್ರವೋ, ಸಂಸ್ಥೆಯೋ? ಕಳೆದುಹೋದ ‘ಇಸು’ ಉಂಟೋ ಇಲ್ಲವೋ? ಬೆನ್ನಿಗೆ ಬಾಲದಂತೆ ಅಂಟಿಕೊಂಡ ಪುಟ್ಟ ಪದ ಯಾವುದು? ಸಕ್ಕರೆ ‘ರನ್ ಔಟ್’ ಆದರೆ ಮುಗಿಯಿತು, ಬ್ಯಾಟುಗಾರ ‘ರನ್ ಔಟ್’ ಆದರೆ ಆಟದಿಂದ ಹೊರಗೆ. ಗೆಳೆಯನನ್ನು ‘ರನ್ ಇಂಟು’ ಮಾಡಿದರೆ ಅಕಸ್ಮಾತ್ ಎದುರಾದ ಎಂದು, ಕಂಬವನ್ನು ಮಾಡಿದರೆ ಡಿಕ್ಕಿ ಎಂದು. ಬ್ಯಾಟರಿ ‘ರನ್ ಡೌನ್’ ಆದರೆ ಶಕ್ತಿ ಇಳಿಯಿತು. ಈ ಮೂರು ಪ್ರಶ್ನೆಗಳಿಂದ 645 ಅರ್ಥಗಳೂ ಬಗೆಹರಿಯುತ್ತವೆ ಎಂದಲ್ಲ. ಆದರೆ ದಿನನಿತ್ಯ ಎದುರಾಗುವ ಬಹುಪಾಲು ಕಡೆ ದಾರಿ ತಪ್ಪುವುದಿಲ್ಲ.

ಈಗ ಮತ್ತೆ ಬಾವಿಯ ಬಳಿ ಹೋಗೋಣ. ಮೆಕ್ಯಾನಿಕ್ಕಿಗೆ ‘ಡ್ರೈ ರನ್’ ತಿಳಿದದ್ದು ಪುಸ್ತಕದಿಂದಲ್ಲ. ಸುಟ್ಟ ಸೀಲಿನ ವಾಸನೆಯ ಜೊತೆಗೆ, ಕೈಗೆ ತಾಗಿದ ಬಿಸಿಯ ಜೊತೆಗೆ ಆ ಪದ ಅವನ ಬಳಿ ಬಂತು. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ‘ಡ್ರೈ ರನ್’ ತಡೆಯುವ ಒಂದು ಪುಟ್ಟ ಸಾಧನ ಹಾಕಿಸಿಕೊಳ್ಳುವಂತೆ ಅವನು ಸಲಹೆ ಕೊಡುತ್ತಾನೆ. ನೀರು ತಪ್ಪಿದಾಗ ಮೋಟರಿನ ಮೇಲಿನ ಹೊರೆ ಇಳಿದು ಅದು ಎಳೆಯುವ ಕರೆಂಟು ಕಡಿಮೆಯಾಗುತ್ತದೆ. ಸಾಧನ ಅದನ್ನು ಗುರುತಿಸಿ ಮೋಟರನ್ನು ನಿಲ್ಲಿಸುತ್ತದೆ. ಹುಡುಗ ಅದನ್ನು ಕೇಳುತ್ತ ನಿಂತಿದ್ದಾನೆ. ವಿಜ್ಞಾನದ ಪಾಠವೂ ಇಂಗ್ಲಿಷ್ ಪಾಠವೂ ಒಟ್ಟಿಗೇ ನಡೆಯುತ್ತಿವೆ. ಇನ್ನು ಅವನು ಆ ಪದವನ್ನು ಮರೆಯುವುದಿಲ್ಲ.

ಒಂದು ಮಾತು ಉಳಿಯಿತು. ಕನ್ನಡ ನಾಡಿನ ಬಾವಿಗೆ ಇಳಿಯುವ ಪಂಪಿನ ಸೂಚನೆ ಕನ್ನಡದಲ್ಲೇ ಇದ್ದಿದ್ದರೆ? ‘ನೀರಿಲ್ಲದೆ ಪಂಪು ಓಡಿಸಬೇಡಿ’. ಮೂರೇ ಪದ. ಅಜ್ಜನಿಗೂ ತಿಳಿಯುತ್ತಿತ್ತು. ಇಂಗ್ಲಿಷನ್ನು ಮಕ್ಕಳು ಚೆನ್ನಾಗಿ ಕಲಿಯಲಿ, 645 ಅರ್ಥಗಳ ದಾರಿಯಲ್ಲಿ ಸುಖವಾಗಿ ಅಡ್ಡಾಡಲಿ. ಆದರೆ ಒಂದು ಮನೆಯ ಬೆಳೆ ಹತ್ತನೇ ತರಗತಿಯ ಹುಡುಗನ ಅನುವಾದವನ್ನು ನಂಬಿ ನಿಲ್ಲಬೇಕಾದ ಸ್ಥಿತಿ ಬೇಡ.